ಬಿಸಿನೀರಿನ ಮೂರ್ಛೆ: ಬಚ್ಚಲುಮನೆಯಿಂದ ನಿಮ್ಹಾನ್ಸ್‌ವರೆಗೆ ಒಂದು ಸಂಶೋಧನೆಯ ಚರಿತ್ರೆ



ಚರಿತ್ರೆ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ, ಶಿರಾದ ಮಲಿಕ್ ರಿಹಾನ್ ಗೋರಿ ಮತ್ತು ಜಾಮಿಯಾ ಮಸೀದಿ, ಪಾವಗಡದ ದುರ್ಗ. ಇವುಗಳ ಬಗ್ಗೆ ಇಂಥ ಸಂಚಿಕೆಗಳಲ್ಲಿ ಅನೇಕರು ಬರೆಯುತ್ತ ಬಂದಿದ್ದಾರೆ, ಇನ್ನೂ ಬರೆಯುತ್ತಾರೆ. ನಾನು ಈ ಸಲ ನಿಮ್ಮನ್ನು ಕೋಟೆಗೆ ಕರೆದುಕೊಂಡು ಹೋಗುವುದಿಲ್ಲ. ನಿಮ್ಮ ಮನೆಯ ಹಿತ್ತಿಲಿನ ಬಚ್ಚಲಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯೂ ಒಂದು ಚರಿತ್ರೆ ಇದೆ. ಅದನ್ನು ಬರೆದವರು ರಾಜರಲ್ಲ, ಬೆಂಗಳೂರಿನ ಕೆಲವು ನರರೋಗ ತಜ್ಞರು. ಅವರಲ್ಲಿ ಮುಖ್ಯರಾದವರು ಡಾ. ಕೆ. ಎಸ್. ಮಣಿ ಮತ್ತು ಡಾ. ಪಿ. ಸತೀಶ್‌ಚಂದ್ರ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಸ್ನಾನದ ಪದ್ಧತಿ ಹೆಚ್ಚು ಕಡಿಮೆ ಒಂದೇ. ಒಲೆಯ ಮೇಲೆ ತಾಮ್ರದ ಹಂಡೆ. ತೆಂಗಿನ ಸೀಮೆಯಲ್ಲಿ ಒಲೆಗೆ ಗರಿ, ಮಟ್ಟೆ, ಚಿಪ್ಪು; ಪಾವಗಡದ ಕಡೆ ಕಡಲೆಕಾಯಿ ಸಿಪ್ಪೆ, ಜಾಲಿ ಕಟ್ಟಿಗೆ. ಮೈಗೆ ದಿನವೂ ನೀರು ಹಾಕಿಕೊಂಡರೂ ತಲೆಗೆ ಎರೆದುಕೊಳ್ಳುವುದು ವಾರಕ್ಕೊಮ್ಮೆ. ನಮ್ಮ ಮನೆಗಳಲ್ಲಿ ಜುಮಾ ನಮಾಜಿಗೆ ಮುಂಚೆ ಶುಕ್ರವಾರ ಬೆಳಿಗ್ಗೆ. ನೆರೆಯ ಹಿಂದೂ ಮನೆಗಳಲ್ಲಿ ಅವರವರ ವಾರ, ಮತ್ತು ದೀಪಾವಳಿಗೆ ನೀರು ತುಂಬುವ ಹಬ್ಬದ ಮರುದಿನ ಎಣ್ಣೆಸ್ನಾನ. ನೀರು ಕುದಿಯುವಷ್ಟಲ್ಲದಿದ್ದರೂ ಹಬೆಯಾಡುವಷ್ಟು ಬಿಸಿಯಾಗಿರಬೇಕು. ತಾಯಿಯೋ ಅಜ್ಜಿಯೋ ಮಗುವನ್ನು ಮಣೆಯ ಮೇಲೆ ಕೂರಿಸಿ, ಕಣ್ಣು ಬಿಡಲು ಪುರುಸೊತ್ತು ಕೊಡದೆ ಚೆಂಬಿನ ಮೇಲೆ ಚೆಂಬು ನೆತ್ತಿಯ ಮೇಲೆ ಸುರಿಯುತ್ತಾರೆ. ಮಗು ಅತ್ತಷ್ಟೂ ಸ್ನಾನ ಚೆನ್ನಾಗಿ ಆಯಿತೆಂದು ಲೆಕ್ಕ!

ಇನ್ನು ಕೆಲವು ಮನೆಗಳಲ್ಲಿ ಹೀಗಾಗುತ್ತದೆ. ನಾಲ್ಕೈದು ಚೆಂಬು ಬಿದ್ದ ಮೇಲೆ ಮಗು ಇದ್ದಕ್ಕಿದ್ದಂತೆ ಅಳು ನಿಲ್ಲಿಸುತ್ತದೆ. ದೃಷ್ಟಿ ಒಂದು ಕಡೆ ನೆಟ್ಟು ನಿಲ್ಲುತ್ತದೆ. ಕರೆದರೆ ಓಗೊಡುವುದಿಲ್ಲ. ಬಾಯಿ ಏನನ್ನೋ ಜಗಿದಂತೆ ಆಡುತ್ತದೆ, ಅರ್ಥವಿಲ್ಲದ ಮಾತು ಬರುತ್ತದೆ. ಕೆಲವರಿಗೆ ಇಷ್ಟಕ್ಕೇ ಮುಗಿದರೆ, ಇನ್ನು ಕೆಲವರು ಕೈಕಾಲು ಸೆಟೆದು ಬಚ್ಚಲ ಕಲ್ಲಿನ ಮೇಲೆ ಬಿದ್ದು ಒದ್ದಾಡುತ್ತಾರೆ. ಒಂದೆರಡು ನಿಮಿಷದಲ್ಲಿ ಎಲ್ಲ ಶಾಂತ. ಮಗು ಮಲಗಿ ಎದ್ದರೆ ಏನೂ ಆಗಿಲ್ಲವೆಂಬಂತೆ ಆಡಲು ಹೋಗುತ್ತದೆ. ಮುಂದಿನ ವಾರ ತಲೆಗೆ ನೀರು ಬಿದ್ದಾಗ ಮತ್ತೆ ಅದೇ.

ಇದನ್ನು ಕಂಡ ಮನೆಯವರು ಏನೆಂದುಕೊಳ್ಳುತ್ತಾರೆ? ನಮ್ಮಲ್ಲಿ 'ಅಸರ್' ಆಗಿದೆ, 'ಸಾಯಾ' ಬಿದ್ದಿದೆ ಎನ್ನುತ್ತಾರೆ. ಕನ್ನಡದ ಮನೆಗಳಲ್ಲಿ ಗಾಳಿ ಸೋಕಿದೆ, ಬಚ್ಚಲಲ್ಲಿ ಏನೋ ಮೆಟ್ಟಿಕೊಂಡಿದೆ ಎನ್ನುತ್ತಾರೆ. ಭಾಷೆ ಬೇರೆ, ಭಯ ಒಂದೇ. ಆಮೇಲೆ ತಾವೀಜು, ತಾಯತ, ಯಂತ್ರ. ಬೇರೆಲ್ಲೂ ಆಗದೆ ಬಚ್ಚಲಿನಲ್ಲಿಯೇ ಆಗುವುದರಿಂದ ಆ ಜಾಗದ ಮೇಲೆ ಅನುಮಾನ ಬರುವುದೂ ಸಹಜ. ಬಚ್ಚಲಿನ ಬಾಗಿಲನ್ನೇ ಬೇರೆ ದಿಕ್ಕಿಗೆ ಇಡಿಸಿದ ಮನೆಯೊಂದನ್ನು ನಾನು ಬಲ್ಲೆ. ಬಾಗಿಲು ತಿರುಗಿತು, ನೀರಿನ ಬಿಸಿ ಮಾತ್ರ ಹಾಗೆಯೇ ಉಳಿಯಿತು.

ಈ ಕಾಯಿಲೆಯ ಹೆಸರು ಬಿಸಿನೀರಿನ ಮೂರ್ಛೆ. ಇಂಗ್ಲಿಷಿನಲ್ಲಿ ಹಾಟ್ ವಾಟರ್ ಎಪಿಲೆಪ್ಸಿ. ಪ್ರಪಂಚದಲ್ಲಿ ಇದು ಅಪರೂಪದ ಕಾಯಿಲೆ. ಆದರೆ ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಇದರ ಪ್ರಸ್ತಾಪ ಬಂದಾಗಲೆಲ್ಲ ದಕ್ಷಿಣ ಕರ್ನಾಟಕದ ಹೆಸರು ಬರುತ್ತದೆ. ಇದು ಹೆಮ್ಮೆ ಪಡುವ ವಿಷಯವೇನಲ್ಲ, ಆದರೆ ತಿಳಿದಿರಬೇಕಾದ ವಿಷಯ.

ಮೂರ್ಛೆರೋಗದ ಚರಿತ್ರೆ ಬಹಳ ಹಳೆಯದು. ಉರ್ದುವಿನಲ್ಲಿ ಇದಕ್ಕೆ ಮಿರ್ಗಿ ಎನ್ನುತ್ತೇವೆ. ಅರಬಿಯ ಹಕೀಮರು ಸರಅ್ ಎಂದರು. ನೆಲಕ್ಕೆ ಕೆಡವುವುದು ಎಂದು ಆ ಪದದ ಅರ್ಥ. ಅಲ್ ರಾಝಿ ಮತ್ತು ಇಬ್ನ್ ಸೀನಾ ಇಬ್ಬರೂ ಇದನ್ನು ಮೆದುಳಿಗೆ ಸಂಬಂಧಿಸಿದ ರೋಗವೆಂದು ಪರಿಗಣಿಸಿ ಬರೆದಿದ್ದಾರೆ. ಅವರಿಗಿಂತ ಬಹಳ ಹಿಂದೆಯೇ ಗ್ರೀಸಿನ ಹಿಪ್ಪೊಕ್ರೆಟಿಸ್ ಪರಂಪರೆಯ ವೈದ್ಯರು ಇದು ದೇವರು ಕೊಟ್ಟ ರೋಗವಲ್ಲ, ಮೆದುಳಿನದು ಎಂದಿದ್ದರು. ನಮ್ಮ ಆಯುರ್ವೇದದಲ್ಲಿ ಇದಕ್ಕೆ ಅಪಸ್ಮಾರ ಎಂಬ ಹೆಸರಿದೆ. ಸ್ಮೃತಿ ಹೋಗುವುದು ಎಂಬರ್ಥದಲ್ಲಿ. ಜನಸಾಮಾನ್ಯರ ಬಾಯಲ್ಲಿ ಈಗ ಫಿಟ್ಸ್. ಇಷ್ಟು ಹೆಸರುಗಳಿದ್ದರೂ ಇಷ್ಟು ಕಾಲ ಯಾರೂ ಸ್ನಾನದ ನೀರಿನ ಕಡೆ ನೋಡಿರಲಿಲ್ಲ.

ಮೊದಲು ನೋಡಿದ್ದು ನ್ಯೂಜಿಲೆಂಡಿನಲ್ಲಿ. 1945ರಲ್ಲಿ ಅಲೆನ್ ಎಂಬ ವೈದ್ಯರು, ಬಿಸಿನೀರು ಮೈಮೇಲೆ ಬಿದ್ದಾಗ ಮೂರ್ಛೆ ಹೋಗುತ್ತಿದ್ದ ಹತ್ತು ವರ್ಷದ ಹುಡುಗನ ಬಗ್ಗೆ ಬರೆದರು. ಅಲ್ಲಿ ಅದು ಒಂದು ಸೋಜಿಗವಾಗಿ ಉಳಿಯಿತು.

ಈಗ ಬೆಂಗಳೂರಿಗೆ ಬನ್ನಿ. ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಆಸ್ಪತ್ರೆಯನ್ನು ನಮ್ಮ ಜನ ಇಂದಿಗೂ 'ಹುಚ್ಚಾಸ್ಪತ್ರೆ' ಎನ್ನುವುದುಂಟು. ಅಲ್ಲಿಗೆ ಹೋದೆನೆಂದು ಹೇಳಿಕೊಳ್ಳಲು ಸಂಕೋಚ. ಆ ಹೆಸರು ಬಂದದ್ದು ಹೀಗೆ. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆ ಅಲ್ಲಿತ್ತು. ಸ್ವಾತಂತ್ರ್ಯಾನಂತರ, 1954ರಲ್ಲಿ, ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮನಸ್ಸಿನ ಕಾಯಿಲೆಯ ಜೊತೆಗೆ ಮೆದುಳು, ನರಗಳ ಕಾಯಿಲೆಯನ್ನೂ ಒಂದೇ ಸೂರಿನಡಿ ಕಲಿಸಬೇಕು, ಸಂಶೋಧಿಸಬೇಕು ಎಂಬ ವಿಚಾರ ಬೆಳೆದು ನರರೋಗ, ನರಶಸ್ತ್ರಚಿಕಿತ್ಸೆ ವಿಭಾಗಗಳು ಬಂದವು. 27 ಡಿಸೆಂಬರ್ 1974ರಂದು ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಆದ್ದರಿಂದ ಅಲ್ಲಿನ ಸಾಲಿನಲ್ಲಿ ನಿಂತವರಲ್ಲಿ ಪಾರ್ಶ್ವವಾಯುವಿನವರು, ತಲೆಗೆ ಪೆಟ್ಟು ಬಿದ್ದವರು, ಮೂರ್ಛೆರೋಗಿಗಳು ಎಲ್ಲರೂ ಇರುತ್ತಾರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ವರ್ಷಗಟ್ಟಲೆ ಹಿಂಜರಿದಿದ್ದಾರೆ. 

ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿಯವರ ಬಳಿ 1960ರ ದಶಕದಲ್ಲಿ ಬರುತ್ತಿದ್ದ ಮೂರ್ಛೆರೋಗಿಗಳಲ್ಲಿ ಕೆಲವರ ಕಥೆ ಒಂದೇ ತೆರನಾಗಿತ್ತು: ತಲೆಗೆ ಬಿಸಿನೀರು ಹಾಕಿಕೊಂಡಾಗ ಮಾತ್ರ ಬರುತ್ತದೆ. ಬೇರೆ ವೈದ್ಯರಾಗಿದ್ದರೆ ಇದನ್ನು ಹಳ್ಳಿಯವರ ಕಲ್ಪನೆ ಎಂದು ಪಕ್ಕಕ್ಕೆ ಇಡಬಹುದಿತ್ತು. ಮಣಿಯವರು ಇಡಲಿಲ್ಲ. ಅವರು ಮತ್ತು ಸಂಗಡಿಗರು 1968ರಲ್ಲಿ ಭಾರತದ ನರವಿಜ್ಞಾನ ಪತ್ರಿಕೆಯಲ್ಲಿ ಮೊದಲ ವರದಿ ಪ್ರಕಟಿಸಿದರು. 1972ರಲ್ಲಿ 60 ರೋಗಿಗಳ ವಿವರ ಬಂತು. 1974ರ ಹೊತ್ತಿಗೆ ಅದು 108 ಆಯಿತು. ಆ ವರದಿ ಅಮೆರಿಕದ ನರರೋಗ ತಜ್ಞರ ಸಂಘದ ಸಂಪುಟದಲ್ಲಿ ಪ್ರಕಟವಾಯಿತು. ನ್ಯೂಜಿಲೆಂಡಿನಲ್ಲಿ ಒಬ್ಬ ಹುಡುಗನ ಸೋಜಿಗವಾಗಿದ್ದದ್ದು ಕರ್ನಾಟಕದಲ್ಲಿ ನೂರಾರು ಮನೆಗಳ ಕಷ್ಟವೆಂದು ಲೋಕಕ್ಕೆ ಗೊತ್ತಾದದ್ದು ಹೀಗೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಯಂತ್ರಗಳಲ್ಲ. ಮೆದುಳಿನ ವಿದ್ಯುತ್ತನ್ನು ದಾಖಲಿಸುವ ಇ.ಇ.ಜಿ. ಯಂತ್ರವನ್ನು ಇಟ್ಟು ನೋಡಿದರೆ, ಈ ರೋಗಿಗಳಲ್ಲಿ ಹೆಚ್ಚಿನವರ ರೇಖೆ ಬೇರೆ ವೇಳೆಯಲ್ಲಿ ಸರಿಯಾಗಿಯೇ ಇರುತ್ತದೆ. ಅಂದರೆ ಯಂತ್ರ 'ಏನೂ ಇಲ್ಲ' ಎನ್ನುತ್ತದೆ. ಇದೆ ಎಂದು ಹೇಳುವವರು ತಾಯಂದಿರು. ಎಷ್ಟು ಚೆಂಬಿಗೆ, ಎಷ್ಟು ಬಿಸಿಗೆ, ಮೈಗೆ ಹಾಕಿದಾಗಲೋ ತಲೆಗೆ ಹಾಕಿದಾಗಲೋ, ಮನೆಯಲ್ಲಿ ಇನ್ನಾರಿಗಾದರೂ ಉಂಟೋ ಎಂದು ಒಬ್ಬ ವೈದ್ಯ ಕೂತು ಕೇಳಿದ್ದರಿಂದ ಈ ರೋಗ ಸಿಕ್ಕಿತು. ಅಕ್ಷರ ಬಾರದ ತಾಯಿಯ ಮಾತು ಅಲ್ಲಿ ಸಾಕ್ಷ್ಯವಾಯಿತು. ನಾವು ಶಿಕ್ಷಕರು ಪೋಷಕರ ಸಭೆಯಲ್ಲಿ ಅವರ ಮಾತನ್ನು ಎಷ್ಟು ಕೇಳಿಸಿಕೊಳ್ಳುತ್ತೇವೆ ಎಂಬುದು ಬೇರೆ ಮಾತು.

ಮಣಿಯವರು ತೆರೆದ ದಾರಿಯಲ್ಲಿ ಬಹಳ ದೂರ ನಡೆದವರು ಡಾ. ಪಿ. ಸತೀಶ್‌ಚಂದ್ರ. ಅವರು ನಿಮ್ಹಾನ್ಸ್‌ನ ನರರೋಗ ವಿಭಾಗದ ಪ್ರಾಧ್ಯಾಪಕರಾಗಿದ್ದರು. 2010ರ ದಶಕದಲ್ಲಿ ಆ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. ನಿಮ್ಹಾನ್ಸ್‌ಗೆ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ಕೊಟ್ಟ 2012ರ ಕಾಯ್ದೆ ಬಂದದ್ದು ಆ ದಶಕದಲ್ಲಿಯೇ. ಆದರೆ ಹುದ್ದೆಗಳ ಪಟ್ಟಿ ಕೊಡುವುದು ನನ್ನ ಉದ್ದೇಶವಲ್ಲ. ಒಬ್ಬ ಸಂಶೋಧಕ ತನ್ನ ವೃತ್ತಿಜೀವನದ ಮೂರು ದಶಕಗಳುದ್ದಕ್ಕೂ ಒಂದು ಚೆಂಬು ಬಿಸಿನೀರಿನ ಬೆನ್ನು ಬಿಡಲಿಲ್ಲ ಎಂಬುದನ್ನು ಮಾತ್ರ ನೀವು ಗಮನಿಸಬೇಕು.

1988ರಲ್ಲಿ ಅವರು ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನವನ್ನು 'ಎಪಿಲೆಪ್ಸಿಯಾ' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಕಾಲಕ್ಕೆ ಅಷ್ಟು ಜನ ಬಿಸಿನೀರಿನ ಮೂರ್ಛೆ ರೋಗಿಗಳನ್ನು ಒಂದೆಡೆ ಪರೀಕ್ಷಿಸಿದ ದೊಡ್ಡ ಅಧ್ಯಯನ ಅದು. ಅದರಿಂದ ತಿಳಿದದ್ದು ಇಷ್ಟು. ಇದು ಹೆಚ್ಚಾಗಿ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಶುರುವಾಗುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಎರಡು ಪಟ್ಟಿಗೂ ಹೆಚ್ಚು. ಮೂವರಲ್ಲಿ ಇಬ್ಬರಿಗೆ ನೆಲಕ್ಕೆ ಬಿದ್ದು ಒದ್ದಾಡುವ ಮೂರ್ಛೆಯಲ್ಲ, ಮೊದಲು ಹೇಳಿದ ಹಾಗೆ ಕಣ್ಣು ನೆಟ್ಟು ಮಂಕಾಗುವ ಬಗೆ. ಆದ್ದರಿಂದಲೇ ಎಷ್ಟೋ ಮನೆಗಳಲ್ಲಿ ಇದನ್ನು ಫಿಟ್ಸ್ ಎಂದು ಗುರುತಿಸುವುದಿಲ್ಲ. 'ಸ್ನಾನಕ್ಕೆ ಹೆದರುತ್ತಾನೆ' ಎಂದು ಸುಮ್ಮನಾಗುತ್ತಾರೆ. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಇದೆ. ನೀರಿನ ಉಷ್ಣತೆ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ನಮ್ಮ ದೇಹದ ಉಷ್ಣತೆ 37 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಓದುಗರೇ, ಇನ್ನೊಂದು ವಿಚಿತ್ರ ಸಂಗತಿಯೂ ಅವರ ಕಣ್ಣಿಗೆ ಬಿತ್ತು. ಈ ರೋಗಿಗಳಲ್ಲಿ ಕೆಲವರಿಗೆ ಮೂರ್ಛೆಯ ಆರಂಭದಲ್ಲಿ ಒಂದು ಬಗೆಯ ಸುಖ ಅನಿಸುತ್ತದೆ. ಅವರು ನೀರು ಸುರಿದುಕೊಳ್ಳುವುದನ್ನು ನಿಲ್ಲಿಸಲಾರರು. ಸಾಕು ಎಂದು ಹೊರಗಿನಿಂದ ಕೂಗಿದರೂ ಪ್ರಜ್ಞೆ ತಪ್ಪುವವರೆಗೆ ಚೆಂಬು ಎತ್ತುತ್ತಲೇ ಇರುತ್ತಾರೆ. ಮೆದುಳಿನ ಕಾಯಿಲೆ ಎಲ್ಲಿ ಮುಗಿಯುತ್ತದೆ, ಮನುಷ್ಯನ ನಡವಳಿಕೆ ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯುವುದು ಎಷ್ಟು ಕಷ್ಟ ನೋಡಿ. ಅಂಥ ಹುಡುಗನನ್ನು ಹಟಮಾರಿ ಎಂದು ಹೊಡೆದರೆ ಏನು ಪ್ರಯೋಜನ?

ಇದು ಕರ್ನಾಟಕದಲ್ಲೇ ಏಕೆ ಇಷ್ಟು? ತಣ್ಣೀರಿನಲ್ಲಿ ಮೀಯುವವರಲ್ಲಿ, ಕೊಳಾಯಿಯ ತುಂತುರಿನ ಕೆಳಗೆ ನಿಲ್ಲುವವರಲ್ಲಿ, ತೊಟ್ಟಿಯಲ್ಲಿ ಮುಳುಗಿ ಕೂರುವವರಲ್ಲಿ ಇದು ಅಪರೂಪ. ಬಿಸಿನೀರನ್ನು ಬೇಗ ಬೇಗನೆ ನೆತ್ತಿಯ ಮೇಲೆ ಸುರಿಯುವಲ್ಲಿ ಹೆಚ್ಚು. ಹಮಾಮಿನಲ್ಲಿ ಬಟ್ಟಲಿನಿಂದ ಬಿಸಿನೀರು ಸುರಿದುಕೊಳ್ಳುವ ರೂಢಿಯಿರುವ ತುರ್ಕಿಯಿಂದಲೂ ಇಂಥ ರೋಗಿಗಳ ವರದಿಗಳು ಬಂದಿವೆ. ಆದರೆ ಪದ್ಧತಿಯೊಂದೇ ಕಾರಣವಾಗಿದ್ದರೆ ನಮ್ಮೂರುಗಳಲ್ಲಿ ಎಲ್ಲ ಮಕ್ಕಳಿಗೂ ಬರಬೇಕಿತ್ತಲ್ಲ? ಅಲ್ಲಿಂದ ಸತೀಶ್‌ಚಂದ್ರರ ಮುಂದಿನ ಕೆಲಸ ಶುರುವಾಯಿತು.

ಅವರು ನಿಮ್ಹಾನ್ಸ್‌ನ ನರರೋಗ ಶಾಸ್ತ್ರಜ್ಞ ಡಾ. ಎಸ್. ಕೆ. ಶಂಕರ್ ಮೊದಲಾದವರೊಡನೆ ಸೇರಿ ಇಲಿಗಳ ಮೇಲೆ ಪ್ರಯೋಗ ನಡೆಸಿದರು. (ಮಾನವ ಮೆದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ಬ್ರೈನ್ ಬ್ಯಾಂಕ್ 1995ರಲ್ಲಿ ನಿಮ್ಹಾನ್ಸ್‌ನಲ್ಲಿ ಸ್ಥಾಪನೆಯಾದದ್ದೂ ಶಂಕರ್ ಅವರಿಂದಲೇ.) ಇಲಿಗಳಿಗೆ ಬಿಸಿನೀರು ಹಾಕಿದಾಗ ಅವುಗಳಿಗೂ ಮೂರ್ಛೆ ಬಂತು. 1996ರಲ್ಲಿ ಇದು ಪ್ರಕಟವಾಯಿತು. ಮುಂದಿನ ಪ್ರಯೋಗಗಳಲ್ಲಿ ಕಂಡದ್ದು ಇನ್ನೂ ಮುಖ್ಯವಾದುದು. ಮತ್ತೆ ಮತ್ತೆ ಬಿಸಿನೀರು ಹಾಕುತ್ತ ಹೋದಂತೆ ಮೂರ್ಛೆ ಬರುವುದು ಸುಲಭವಾಯಿತು, ಬಂದದ್ದು ಹೆಚ್ಚು ಹೊತ್ತು ನಿಂತಿತು. ಒಂದೇ ದಾರಿಯಲ್ಲಿ ದಿನವೂ ಜನ ನಡೆದರೆ ಹೊಲದ ನಡುವೆ ಕಾಲುದಾರಿ ಬೀಳುವುದಿಲ್ಲವೇ? ಮೆದುಳಿನಲ್ಲಿಯೂ ಹಾಗೆ ಮೂರ್ಛೆಗೆ ದಾರಿ ಬೀಳುತ್ತದೆ. ಬಿಸಿನೀರಿನ ಮೂರ್ಛೆಯಿದ್ದ ಕೆಲವರಿಗೆ ಕೆಲವು ವರ್ಷಗಳ ನಂತರ ನೀರಿನ ಸಂಬಂಧವೇ ಇಲ್ಲದೆ, ತರಗತಿಯಲ್ಲಿ, ರಸ್ತೆಯಲ್ಲಿ ಮೂರ್ಛೆ ಬರತೊಡಗುವುದಕ್ಕೆ ಇದು ಕಾರಣವಿರಬಹುದೆಂದು ಅವರು ತರ್ಕಿಸಿದರು. 'ವಾರಕ್ಕೊಮ್ಮೆ ತಾನೇ, ದೊಡ್ಡವನಾದ ಮೇಲೆ ಹೋಗುತ್ತದೆ' ಎಂದು ಬಿಡುವುದು ಅಪಾಯ ಎನ್ನುವುದು ಇದಕ್ಕಾಗಿ.

ವಂಶವಾಹಿಯ ಕಡೆಯ ಕೆಲಸ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ನಡೆಯಿತು. ಅಲ್ಲಿನ ಡಾ. ಅನುರಂಜನ್ ಆನಂದ್ ಅವರ ತಂಡ ಮತ್ತು ಸತೀಶ್‌ಚಂದ್ರ ಸೇರಿ, ಈ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಬಂದಿರುವ ಕುಟುಂಬಗಳ ರಕ್ತ ಪರೀಕ್ಷಿಸಿ, 10ನೆಯ ವರ್ಣತಂತುವಿನ ಒಂದು ಭಾಗಕ್ಕೆ ಇದರ ನಂಟಿದೆ ಎಂದು 2009ರಲ್ಲಿ ತೋರಿಸಿದರು. ಬೇರೆ ಕುಟುಂಬಗಳಲ್ಲಿ ಬೇರೆ ವರ್ಣತಂತುವಿನ ನಂಟೂ ಕಂಡಿತು. ಒಟ್ಟಿನಲ್ಲಿ ಹುಟ್ಟಿನಿಂದ ಬಂದ ಒಂದು ಒಲವು ಮತ್ತು ಬಚ್ಚಲಿನ ರೂಢಿ, ಎರಡೂ ಕೂಡಿದಾಗ ಈ ರೋಗ. ಒಲವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ.

ರೂಢಿಯನ್ನು ಬದಲಿಸುವುದು ಕೈಯಲ್ಲಿದೆ. ಈ ಚರಿತ್ರೆಯಲ್ಲಿ ಅತಿ ಸುಲಭವೆಂದು ಕಾಣುವ, ಅತಿ ಕಷ್ಟವಾದ ಭಾಗ ಇದು. ವೈದ್ಯರು ಹೇಳುವ ಮೊದಲ ಚಿಕಿತ್ಸೆ ಮಾತ್ರೆಯಲ್ಲ. ನೀರಿನ ಬಿಸಿ ಕಡಿಮೆ ಮಾಡಿ, ಉಗುರು ಬೆಚ್ಚಗಿರಲಿ. ತಲೆಯ ಮೇಲೆ ಒಂದೇ ಸಮನೆ ಸುರಿಯಬೇಡಿ. ಒದ್ದೆ ಬಟ್ಟೆಯಿಂದ ತಲೆ ಒರೆಸಿದರೂ ಆಗುತ್ತದೆ. ಇಷ್ಟೇ. ಇದಕ್ಕೆ ಕಾಸು ಖರ್ಚಿಲ್ಲ. ಅನೇಕರಿಗೆ ಇಷ್ಟರಲ್ಲೇ ಮೂರ್ಛೆ ನಿಲ್ಲುತ್ತದೆ.

ಆದರೆ ನಮ್ಮ ಅಜ್ಜಿಯರಿಗೆ ಹೇಳಿ ನೋಡಿ! ಬಿಸಿನೀರು ಬೀಳದಿದ್ದರೆ ಶೀತವಾಗುತ್ತದೆ, ಕೂದಲಿನ ಎಣ್ಣೆ ಹೋಗುವುದಿಲ್ಲ, ಸ್ನಾನ ಮಾಡಿದ ಹಾಗೆ ಆಗುವುದೇ ಇಲ್ಲ. ನಮ್ಮ ಶಾಲೆಯ ಒಬ್ಬ ಬಾಲಕಿ ಶನಿವಾರಗಳಂದು ತಪ್ಪದೆ ಗೈರುಹಾಜರಾಗುತ್ತಿದ್ದಳು. ತಾಯಿಯನ್ನು ಕರೆಸಿ ವಿಚಾರಿಸಿದೆ.

"ಶುಕ್ರವಾರ ತಲೆಗೆ ನೀರು ಹಾಕ್ತೀವಿ ಸರ್. ಅವತ್ತು ಅವಳಿಗೆ ಒಂಥರಾ ಆಗುತ್ತೆ. ಮಾರನೇ ದಿನ ಏಳೋಕೇ ಆಗಲ್ಲ."

"ನೀರು ಎಷ್ಟು ಬಿಸಿ ಇರುತ್ತಮ್ಮ?"

"ಬಿಸಿ ಇಲ್ಲದಿದ್ರೆ ನಮ್ಮತ್ತೆ ಬಿಡ್ತಾರಾ ಸರ್?"

ಈ ಕೊನೆಯ ಮಾತಿನಲ್ಲಿ ಇಡೀ ಸಮಸ್ಯೆ ಇದೆ. ಮೆದುಳಿನ ಬಗ್ಗೆ ಸಂಶೋಧನೆ ಮಾಡಿದವರು ಕೊನೆಗೆ ಬಂದು ನಿಂತದ್ದು ಅತ್ತೆ ಸೊಸೆಯರ ನಡುವೆ, ಒಲೆಯ ಮುಂದೆ. ಆ ತಾಯಿಗೆ ನಾನು ಕಾಯಿಲೆಯ ಹೆಸರು ಹೇಳಲಿಲ್ಲ. ಹೇಳಲು ನಾನು ವೈದ್ಯನಲ್ಲ. ಮಗುವನ್ನು ಅತ್ತೆಯ ಸಮೇತ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನನಗೆ ಹೇಳಿದ್ದನ್ನೇ ಡಾಕ್ಟರಿಗೂ ಹೇಳಿ ಎಂದಷ್ಟೇ ಹೇಳಿದೆ. ಅತ್ತೆಯ ಸಮೇತ ಎಂದದ್ದು ಬೇಕೆಂದೇ. ಚೆಂಬು ಯಾರ ಕೈಯಲ್ಲಿದೆಯೋ ಅವರು ಡಾಕ್ಟರ ಮಾತನ್ನು ತಮ್ಮ ಕಿವಿಯಾರೆ ಕೇಳಬೇಕು.

ನೀರಿನ ಬಿಸಿ ತಗ್ಗಿಸಿದರೂ ನಿಲ್ಲದವರಿಗೆ ಅಥವಾ ತಗ್ಗಿಸಲು ಒಪ್ಪದವರಿಗೆ ಏನು? ಇಲ್ಲಿ ಸತೀಶ್‌ಚಂದ್ರ ಮತ್ತು ತಂಡದವರ ಕೆಲಸ ವಿಶೇಷವಾದದ್ದು. ಮೂರ್ಛೆರೋಗಕ್ಕೆ ಸಾಮಾನ್ಯವಾಗಿ ವರ್ಷಗಟ್ಟಲೆ ದಿನವೂ ಮಾತ್ರೆ ನುಂಗಬೇಕು. ವಾರಕ್ಕೊಂದು ದಿನ ಬರುವ ಕಾಯಿಲೆಗೆ ಏಳೂ ದಿನ ಮಾತ್ರೆ ಏಕೆ ಎಂದು ಅವರು ಕೇಳಿಕೊಂಡರು. ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೊಬಜಾಮ್ ಎಂಬ ಮಾತ್ರೆ ಕೊಟ್ಟು ನೋಡಿದರು. ಹೆಚ್ಚಿನವರಿಗೆ ಅದು ಸಾಕಾಯಿತು. 2012ರಲ್ಲಿ ಇದರ ವಿವರ ಪ್ರಕಟವಾಯಿತು. ಬೇರೆ ವೇಳೆಯಲ್ಲಿಯೂ ಮೂರ್ಛೆ ಬರುವವರಿಗೆ ಮಾತ್ರ ದಿನದ ಮಾತ್ರೆ. ಜನರ ರೂಢಿಯನ್ನು ಒಂದೇ ಏಟಿಗೆ ಬದಲಿಸಲಾಗದು ಎಂದು ಒಪ್ಪಿಕೊಂಡು, ಆ ರೂಢಿಗೆ ತಕ್ಕಂತೆ ಔಷಧಿಯನ್ನು ಬದಲಿಸಿದ ಈ ಉಪಾಯ ನನಗೆ ಬಹಳ ಹಿಡಿಸಿತು. ಎಚ್ಚರಿಕೆಯ ಮಾತು: ಈ ಮಾತ್ರೆಯನ್ನು ವೈದ್ಯರು ಬರೆದುಕೊಡದೆ ಯಾರೂ ತೆಗೆದುಕೊಳ್ಳಬಾರದು, ಪಕ್ಕದ ಮನೆಯವರಿಂದ ಕೇಳಿ ತರಬಾರದು.

ಡಾ. ಮಣಿಯವರ ಕಥೆಗೆ ಮತ್ತೆ ಬರುತ್ತೇನೆ. ಅವರು ಬೆಂಗಳೂರಿನಲ್ಲಿ ರೋಗಿಗಳಿಗಾಗಿ ಕಾಯುತ್ತ ಕೂರಲಿಲ್ಲ. ಇಂದಿನ ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕನ್ನು ಆರಿಸಿಕೊಂಡು, ಸುಮಾರು 65 ಸಾವಿರ ಜನರ ನಡುವೆ ಮನೆಮನೆ ಸಮೀಕ್ಷೆ ಮಾಡಿಸಿ, ಮೂರ್ಛೆರೋಗಿಗಳನ್ನು ಹುಡುಕಿದರು. ಸಿಕ್ಕವರಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಫೆನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನೇ ಕೊಟ್ಟು ವರ್ಷಗಳ ಕಾಲ ಅನುಸರಿಸಿದರು. ದುಬಾರಿ ಔಷಧಿ, ದೊಡ್ಡ ಆಸ್ಪತ್ರೆ ಇಲ್ಲದೆಯೂ ಹಳ್ಳಿಯಲ್ಲಿ ಈ ರೋಗವನ್ನು ಹತೋಟಿಗೆ ತರಬಹುದೆಂದು 1998 ಮತ್ತು 2001ರಲ್ಲಿ ಪ್ರಕಟವಾದ ಆ ವರದಿಗಳು ತೋರಿಸಿದವು. ಬಿಸಿನೀರಿನ ಮೂರ್ಛೆಯವರೂ ಆ ಸಮೀಕ್ಷೆಯಲ್ಲಿ ಕಂಡುಬಂದರು. ಪಾವಗಡದ ಗಡಿಹಳ್ಳಿಯಿಂದ ತುಮಕೂರಿಗೇ ಸುಮಾರು 100 ಕಿಲೋಮೀಟರ್, ಬೆಂಗಳೂರು ಅದಕ್ಕೂ ಆಚೆ. ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಊಟ. ಇದನ್ನು ತಿಂಗಳು ತಿಂಗಳು ಭರಿಸಲಾಗದೆ ಮಾತ್ರೆ ನಿಲ್ಲಿಸಿದವರು ನಮ್ಮಲ್ಲಿ ಎಷ್ಟಿಲ್ಲ? ಹೀಗೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೂರ್ಛೆ ಮೊದಲಿಗಿಂತ ಜೋರಾಗಿ ಬರುವ ಅಪಾಯವಿದೆ. ಯಳಂದೂರಿನ ಪಾಠ ಅಂಥವರಿಗಾಗಿಯೇ ಇರುವುದು: ದೊಡ್ಡ ಆಸ್ಪತ್ರೆಯಲ್ಲಿ ಒಮ್ಮೆ ರೋಗ ನಿರ್ಧಾರವಾದ ಮೇಲೆ ಮಾತ್ರೆಯನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಪಡೆಯುವ ದಾರಿ ಕೇಳಿಕೊಳ್ಳಬೇಕು.

ಔಷಧಿಯ ಮಾತು ಬಂದಾಗ ರಂಜಾನ್ ಪ್ರಶ್ನೆ ನಮ್ಮ ಓದುಗರಲ್ಲಿ ಏಳುವುದು ಸಹಜ. ಕಾಯಿಲೆಯವರಿಗೆ ರೋಜಾದಿಂದ ರಿಯಾಯಿತಿ ಇರುವುದು ಎಲ್ಲರಿಗೂ ತಿಳಿದದ್ದೇ. ಆದರೂ ರೋಜಾ ಇಡಬೇಕೆನ್ನುವವರು ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನು ಕಾಣಬೇಕು. ಫೆನೋಬಾರ್ಬಿಟೋನಿನಂತೆ ದಿನಕ್ಕೊಮ್ಮೆ ನುಂಗುವ ಮಾತ್ರೆಯಾದರೆ ರಾತ್ರಿಗೆ ಹೊಂದಿಸಿಕೊಳ್ಳಬಹುದು. ತೊಂದರೆ ಕೊಡುವುದು ಹಸಿವಿಗಿಂತ ನಿದ್ದೆಗೇಡು ಮತ್ತು ತಪ್ಪಿಹೋದ ಮಾತ್ರೆ. ಸಹರಿಗೆ ಎದ್ದು ಮತ್ತೆ ಮಲಗದ ಹುಡುಗನಿಗೆ ಮೂರ್ಛೆ ಬಂದರೆ ದೋಷ ರೋಜಾದ್ದಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ನಾನು ಈ ಲೇಖನ ಬರೆಯಲು ಕೂತದ್ದೇ ಮುಖ್ಯವಾಗಿ ಇದಕ್ಕೆ. ಮೂರ್ಛೆರೋಗ ಗಂಡುಮಕ್ಕಳಲ್ಲಿ ಹೆಚ್ಚಿದ್ದರೂ ಅದರ ಬೆಲೆ ತೆರುವವರು ಹೆಣ್ಣುಮಕ್ಕಳು. ಸಂಬಂಧ ಕೂಡುವುದಿಲ್ಲವೆಂದು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಮುಚ್ಚಿಡಲು ಆಸ್ಪತ್ರೆ ಬಿಡಿಸುತ್ತಾರೆ, ಆಮೇಲೆ ಶಾಲೆ ಬಿಡಿಸುತ್ತಾರೆ. ಮದುವೆಯಾದ ಮೇಲೆ ಮಾತ್ರೆಯನ್ನು ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತಾರೆ, ಇಲ್ಲವೇ ನುಂಗುವುದನ್ನೇ ಬಿಡುತ್ತಾರೆ. ನಮ್ಮ ದೇಶದ ಕಾನೂನು ಕೂಡ ಬಹುಕಾಲ ಇದಕ್ಕೆ ಇಂಬು ಕೊಟ್ಟಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಮತ್ತು 1954ರ ವಿಶೇಷ ವಿವಾಹ ಕಾಯ್ದೆಗಳಲ್ಲಿ ಮೂರ್ಛೆರೋಗವನ್ನು ಹುಚ್ಚಿನ ಜೊತೆಗೇ ಹೆಸರಿಸಿ, ಪದೇ ಪದೇ ಮೂರ್ಛೆ ಬರುವವರ ಮದುವೆ ಊರ್ಜಿತವಲ್ಲವೆನ್ನಲು ಅವಕಾಶವಿಡಲಾಗಿತ್ತು. ಮೂರ್ಛೆರೋಗಿಗಳ ಪರವಾಗಿ ವೈದ್ಯರೂ ಸಂಘಟನೆಗಳೂ ಹೋರಾಡಿದ ಫಲವಾಗಿ 1999ರ ವಿವಾಹ ಕಾನೂನುಗಳ ತಿದ್ದುಪಡಿ ಕಾಯ್ದೆ ಆ ಪದವನ್ನು ಎರಡೂ ಕಾಯ್ದೆಗಳಿಂದ ತೆಗೆದುಹಾಕಿತು. ನಮ್ಮ ನಿಕಾಹ್ ಆ ಕಾಯ್ದೆಗಳ ಅಡಿಯಲ್ಲಿ ಬರುವುದಿಲ್ಲ, ನಿಜ. ಆದರೆ ಹುಡುಗಿ ನೋಡಲು ಬಂದವರ ಮನಸ್ಸಿನಲ್ಲಿ ಬರೆದಿರುವ ಕಾಯ್ದೆ ಎಲ್ಲ ಜಾತಿ ಧರ್ಮಗಳಲ್ಲೂ ಒಂದೇ. ಅದಕ್ಕೆ ಇನ್ನೂ ತಿದ್ದುಪಡಿ ಬಂದಿಲ್ಲ. ನೀರನ್ನು ಉಗುರು ಬೆಚ್ಚಗೆ ಮಾಡಿದರೆ ನಿಲ್ಲಬಹುದಾದ ಕಾಯಿಲೆಗೆ ಒಬ್ಬ ಹುಡುಗಿಯ ಓದು, ಸಂಸಾರ ಎರಡೂ ಹೋಗುವುದನ್ನು ನಾವು ನೋಡುತ್ತ ಕೂತಿದ್ದೇವೆ.

ದರ್ಗಾಕ್ಕೆ, ದೇವಸ್ಥಾನಕ್ಕೆ ಹೋಗುವವರನ್ನು ಹಂಗಿಸುವ ಉದ್ದೇಶ ನನಗಿಲ್ಲ. ಪಾವಗಡದ ಶನಿಮಹಾತ್ಮನ ಗುಡಿಗೆ, ಕೊರಟಗೆರೆ ಬಳಿಯ ಸಿದ್ದರಬೆಟ್ಟಕ್ಕೆ, ಶಿರಾದ ದರ್ಗಾಗಳಿಗೆ ಕಷ್ಟ ಹೊತ್ತು ಹೋದವರು ಹಗುರಾಗಿ ಬರುತ್ತಾರೆ. ಹೋಗಲಿ. ದುವಾ ಮಾಡಿಸಲಿ. ಆದರೆ ಅಲ್ಲಿಂದ ಬಂದ ಮೇಲೆ ಹಂಡೆಯ ನೀರಿಗೆ ಎರಡು ಬಿಂದಿಗೆ ತಣ್ಣೀರು ಬೆರೆಸಲಿ.

ಕೊನೆಯದಾಗಿ ನನ್ನ ಸಹೋದ್ಯೋಗಿಗಳಿಗೆ ಕೆಲವು ಮಾತು. ತರಗತಿಯಲ್ಲಿ ಮಗುವಿಗೆ ಮೂರ್ಛೆ ಬಂದರೆ ಕೈಗೆ ಕಬ್ಬಿಣ, ಬೀಗದ ಕೈ ಕೊಡಬೇಡಿ. ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯಬೇಡಿ. ಹಲ್ಲಿನ ನಡುವೆ ಚಮಚ ತೂರಿಸಬೇಡಿ. ನೀರು ಕುಡಿಸಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬೆಂಚು, ಕಲ್ಲು ದೂರ ಸರಿಸಿ. ಕತ್ತಿನ ಗುಂಡಿ, ದುಪಟ್ಟಾ ಸಡಿಲಿಸಿ. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಉಳಿದ ಮಕ್ಕಳು ಗುಂಪುಗೂಡಿ ನಿಂತು ನೋಡದಂತೆ ಆಚೆ ಕಳಿಸಿ. ಎಚ್ಚರವಾದಾಗ ಆ ಮಗುವಿಗೆ ಮೊದಲು ಕಾಣುವುದು ಐವತ್ತು ಜೋಡಿ ಕಣ್ಣುಗಳಾಗಬಾರದು. ಒಂದು ಚೀಟಿಯಲ್ಲಿ ದಿನಾಂಕ, ಎಷ್ಟು ಹೊತ್ತು ಇತ್ತು, ಮೊದಲು ಯಾವ ಕೈ ಅಥವಾ ಕಾಲು ಅದುರಿತು, ಅಂದು ಬೆಳಿಗ್ಗೆ ಸ್ನಾನವಾಗಿತ್ತೇ ಎಂದು ಬರೆದು ಪೋಷಕರ ಕೈಗೆ ಕೊಡಿ. ಅವರು ಬಸ್ಸು ಹತ್ತಿ ದೊಡ್ಡ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಆ ಚೀಟಿಯಲ್ಲೇ ಇರುತ್ತದೆ.